ಸಾಲಿನ ಕೊನೆಯ ಸೈಕಲ್

ಬೆಳಿಗ್ಗೆ ಹತ್ತಕ್ಕೆ ನಡಿಗೆ, ಮಧ್ಯಾಹ್ನ ಎರಡಕ್ಕೆ ಸೈಕಲ್. ವಾರಕ್ಕೆ ಐದು ದಿನ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಹತ್ತೊಂಬತ್ತು ವರ್ಷ. ಸಮುದ್ರದಂಚಿನ ನಮ್ಮ ಊರು ಒನ್ನೆನ್‌ಸೀಲ್‌ನಲ್ಲಿ ನೋಡುವುದಕ್ಕೆ ಇರುವುದು ಒಂದು ತೂಬು, ಒಂದು ಚರ್ಚು, ಒಂದು ಗಾಳಿಗಿರಣಿ, ಏಳು ಸೀಗಡಿ ದೋಣಿ, ಮತ್ತೆ ಇವೆಲ್ಲ ಸಮುದ್ರದ ಪಾಲಾಗದಂತೆ ಕಾಯುವ ಏರಿ. ಇಷ್ಟನ್ನೇ ಪ್ರವಾಸಿಗಳಿಗೆ ದಿನಕ್ಕೆ ಎರಡು ಸಲ ತೋರಿಸಿ ತೋರಿಸಿ ನನ್ನ ಎಡ ಮೊಣಕಾಲು ಸವೆದುಹೋಗಿದೆ. ಸುಮ್ಮನೆ ಹೇಳುತ್ತಿಲ್ಲ, ಡಾಕ್ಟರೇ ಫೋಟೊ ತೆಗೆದು ತೋರಿಸಿದ್ದಾರೆ.

ಕಾಲಿಗಿಂತ ಹೆಚ್ಚು ಸವೆದಿರುವುದು ಬಾಯಿ. ಚರ್ಚಿನ ಗೋಡೆಯ ಮೇಲಿರುವ ಪ್ರವಾಹದ ಗೆರೆಗಳನ್ನು ತೋರಿಸುವಾಗ ನನ್ನ ದನಿ ಒಂದು ಕಡೆ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ, ನಾನು ಇನ್ನೊಂದು ಕಡೆ ರಾತ್ರಿ ಊಟಕ್ಕೆ ಆಲೂಗಡ್ಡೆ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ. ಗಾಳಿಗಿರಣಿಯ ಹತ್ತಿರ ಯಾರಾದರೊಬ್ಬರು ಏದುಸಿರು ಬಿಡುತ್ತಾ ಕೇಳಿಯೇ ಕೇಳುತ್ತಾರೆ: "ಇಲ್ಲಿ ಯಾವಾಗ್ಲೂ ಹೀಗೇ ಎದುರುಗಾಳೀನಾ?" ನಾನು ಹೇಳುತ್ತೇನೆ: "ಛೇ ಛೇ, ಹೋಗುವಾಗ ಮಾತ್ರ. ಬರುವಾಗ ಗಾಳಿ ತಿರುಗುತ್ತೆ, ಆಗ ಆ ಕಡೆಯಿಂದ ಎದುರಾಗುತ್ತೆ." ನನಗೇ ವಾಕರಿಕೆ ಬರುವಷ್ಟು ಹಳೆಯ ತಮಾಷೆ ಅದು.

ಆದರೂ ಜನ ನಗುತ್ತಾರೆ, ಯಾಕೆಂದರೆ ಸಾಲಿನ ಕೊನೆಯಲ್ಲಿ ಹಾಬೊ ಮೊದಲು ನಗುತ್ತಾನೆ. ಹಾಬೊ ನನ್ನ ಗಂಡನ ಅಣ್ಣ. ಎಪ್ಪತ್ತನಾಲ್ಕು ವರ್ಷ. ಮೂವತ್ತೈದು ವರ್ಷ ಸೀಗಡಿ ದೋಣಿಯಲ್ಲಿದ್ದವನು, ಆಮೇಲೆ ನನ್ನ ಜೊತೆ ಸೈಕಲ್ ಹತ್ತಿದವನು. ಮುಂದೆ ನಾನು ಬಾಯಿ ಬಡಿದುಕೊಳ್ಳುತ್ತಾ ಹೋಗುತ್ತೇನೆ, ಹಿಂದೆ ಅವನು ಹಳದಿ ಅಂಗಿ ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಬರುತ್ತಾನೆ. ಅವನ ಹಿಂದೆ ಯಾರೂ ಇರಬಾರದು, ಅದೇ ಅವನ ಕೆಲಸ. ಚೈನು ಕಳಚಿದರೆ ಹಾಕುತ್ತಾನೆ, ಚಕ್ರಕ್ಕೆ ಗಾಳಿ ತುಂಬುತ್ತಾನೆ, ಏರಿಯ ಮೇಲಿನ ಕುರಿ ಗೇಟುಗಳನ್ನು ಎಲ್ಲರೂ ದಾಟಿದ ಮೇಲೆ ಮುಚ್ಚುತ್ತಾನೆ, ಬಂದರಿಗೆ ವಾಪಸಾದಾಗ ತಲೆ ಎಣಿಸುತ್ತಾನೆ. ಈ ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ಹಿಂದೆ ತಿರುಗಿ ಎಣಿಸಿದವಳಲ್ಲ.

ಈ ವರ್ಷ ಮೇ ತಿಂಗಳಲ್ಲಿ ಕುರಿ ಸಾಕುವ ಫ್ರೇರಿಖ್ ಬಂದು ನನ್ನ ಮನೆ ಬಾಗಿಲು ಬಡಿದ. ಗಿರಣಿಯ ಆಚೆಗಿನ ಗೇಟು ಹಾರು ಹೊಡೆದಿತ್ತಂತೆ, ನಲವತ್ತು ಕುರಿ ರಸ್ತೆಗೆ ಬಂದಿದ್ದವಂತೆ. ಅವನ ಬಾಯಿಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಹಾಬೊನನ್ನು ಕೇಳಿದರೆ, "ಗಾಳಿಗೆ ತೆಗೆದಿರ್ಬೇಕು" ಅಂದ. ಆ ಗೇಟಿನ ಚಿಲಕವನ್ನು ಗಾಳಿ ತೆಗೆಯಬೇಕಾದರೆ ಗಾಳಿಗೆ ಎರಡು ಕೈ ಬೇಕು. ನಾನು ಆ ಮಾತು ಹೊಟ್ಟೆಗೆ ಹಾಕಿಕೊಂಡೆ.

ಅದೇ ವಾರ ಇನ್ನೊಂದಾಯಿತು. ಗಿರಣಿಯ ಹತ್ತಿರ ನಾನು ತಮಾಷೆ ಹೇಳಿದೆ, ಹಾಬೊ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಪಕ್ಕಕ್ಕೆ ಸೈಕಲ್ ತಂದು ಕೇಳಿದ: "ಚೆನ್ನಾಗಿತ್ತು ಕಣೇ. ಹೊಸದಾ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದರೆ ಮಾಡುತ್ತಿರಲಿಲ್ಲ.

ಅದಾದ ಮೇಲೆ ಒಂದು ಗುರುವಾರ ಸೈಕಲ್ ಹತ್ತಿದವರು ಹನ್ನೊಂದು ಜನ. ತುಂತುರು ಮಳೆ, ಎದುರುಗಾಳಿ, ಎಲ್ಲರಿಗೂ ಬೇಗ ಮುಗಿದರೆ ಸಾಕು ಎನ್ನುವ ಹಾಗಿತ್ತು. ಬಂದರಿಗೆ ವಾಪಸಾದಾಗ ಹಾಬೊ ಬೆರಳು ಮಡಿಸಿ ಎಣಿಸಿ, "ಹನ್ನೊಂದು. ಎಲ್ಲಾ ಸರಿ" ಅಂದ. ಎಲ್ಲರೂ ಚದುರಿದರು. ಒಂದೂವರೆ ಗಂಟೆಯ ನಂತರ ಕಾಸೆಲ್‌ನಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಪ್ರವಾಸಿ ಕಚೇರಿಯ ಒಳಗೆ ಸೈಕಲ್ ತಳ್ಳಿಕೊಂಡೇ ಬಂದರು. ತಲೆಯಿಂದ ಕಾಲಿನ ತನಕ ತೊಯ್ದಿದ್ದರು. ಕೊನೆಯ ಕುರಿ ಗೇಟಿನ ಹತ್ತಿರ ಚೈನು ಕಳಚಿತ್ತಂತೆ. ಅವರು ಜಗಳವಾಡಲಿಲ್ಲ, ಹಣ ವಾಪಸು ಕೇಳಲಿಲ್ಲ. ಒಂದೇ ಮಾತು ಹೇಳಿದರಂತೆ: "ಹಳದಿ ಅಂಗಿಯವರು ನನ್ನ ಪಕ್ಕದಲ್ಲೇ ಹೋದರು. ನಾನು ಕೈ ಬೀಸಿದೆ. ಅವರೂ ಕೈ ಬೀಸಿದರು."

ಕಚೇರಿ ನೋಡಿಕೊಳ್ಳುವ ವೀಬ್ಕೆ ಸೋಮವಾರ ನನ್ನನ್ನು ಕರೆದು ಇದನ್ನು ಹೇಳಿದಳು. ಅವಳಿಗೆ ಮೂವತ್ತನಾಲ್ಕು. ಕೆಟ್ಟವಳಲ್ಲ, ಆದರೆ ಅವಳ ಮೇಜಿನ ಮೇಲೆ ಎಲ್ಲವೂ ನೇರವಾಗಿ ಜೋಡಿಸಿಟ್ಟಿರುತ್ತದೆ, ನೋಡಿದರೇ ನನಗೆ ಸುಸ್ತಾಗುತ್ತದೆ.

"ಈ ಗುರುವಾರದಿಂದ ಹಾಬೊ ಅವರು ಹಿಂದೆ ಇರೋ ಹಾಗಿಲ್ಲ, ತೇಡಾ. ನೀವು ಹೇಳ್ತೀರೋ, ನಾನು ಕಾಗದ ಕಳಿಸಲೋ?"

"ಕಾಗದ ಬೇಡ."

"ಹಾಗಾದ್ರೆ ನೀವೇ ಹೇಳ್ಬೇಕು. ಬುಧವಾರದೊಳಗೆ."

"ಹೇಳ್ತೀನಿ ಅಂದ್ನಲ್ಲ."

"ನೀವು ಇನ್ನೂ ಹಾಗಂದಿಲ್ಲ" ಅಂದಳು ವೀಬ್ಕೆ.

ಹೇಳುವುದು ಸುಲಭ ಎಂದು ಅವಳಿಗೆ ಅನಿಸಿರಬೇಕು. ಹನ್ನೆರಡು ವರ್ಷದ ಹಿಂದೆ ನನ್ನ ಗಂಡ ಐಲರ್ಟ್ ತೀರಿಕೊಂಡಾಗ ನಾನು ಮೂರು ವಾರ ಮನೆಯಿಂದ ಹೊರಗೆ ಬಂದಿರಲಿಲ್ಲ. ನಾಲ್ಕನೇ ವಾರ ಹಾಬೊ ನನ್ನ ಸೈಕಲ್ಲನ್ನು ತೊಳೆದು ಒರೆಸಿ ಬಾಗಿಲ ಮುಂದೆ ನಿಲ್ಲಿಸಿ, "ಏಳೇ ಹುಡುಗಿ, ಬಂದರಲ್ಲಿ ಜನ ಕಾಯ್ತಿದ್ದಾರೆ" ಅಂದಿದ್ದ. ಸತ್ತವನು ಅವನಿಗಿದ್ದ ಒಬ್ಬನೇ ತಮ್ಮ. ಅದರ ಬಗ್ಗೆ ಒಂದು ಮಾತೂ ಆಡದೆ ಹಿಂದೆ ಹೋಗಿ ನಿಂತುಕೊಂಡ. ಅವತ್ತು ಗಿರಣಿಯ ಹತ್ತಿರ ನನಗೆ ತಮಾಷೆ ಹೇಳಲು ಆಗಲಿಲ್ಲ. ಹಿಂದಿನಿಂದ ಅವನೇ ಕೂಗಿ ಹೇಳಿದ, ತಾನೇ ನಕ್ಕ.

ಅಂಥವನಿಗೆ ಹೇಗೆ ಹೇಳುವುದು? ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ದೋಣಿ ಮಾರಿಯಾಯಿತು. ಉಳಿದಿರುವುದು ಒಂದು ಹಳದಿ ಅಂಗಿ.

ಮಂಗಳವಾರವಿಡೀ ಯೋಚಿಸಿ ಒಂದು ಸುಳ್ಳು ಹೊಸೆದೆ. ಪೂರ್ತಿ ಸುಳ್ಳೂ ಅಲ್ಲ. ನನ್ನ ಮೊಣಕಾಲು ಇನ್ನು ತಡೆಯುವುದಿಲ್ಲ, ನಾನು ನಿಲ್ಲಿಸುತ್ತಿದ್ದೇನೆ, ನಾನಿಲ್ಲದೆ ನೀನು ಏನು ಮಾಡುತ್ತೀ, ನೀನೂ ನಿಲ್ಲಿಸು ಎನ್ನುವುದು. ಆಗ ಅವನಿಗೆ ಅವಮಾನವಿಲ್ಲ, ನನಗೂ ಹೇಳುವ ಕಷ್ಟವಿಲ್ಲ. ನಿಜ ಹೇಳಬೇಕೆಂದರೆ, ಈ ಉಪಾಯ ಹೊಳೆದಾಗ ನನಗೆ ಸಮಾಧಾನವಾಯಿತು. ಸಾಕಾಗಿತ್ತು ನನಗೆ. ತೂಬು ಸಾಕು, ಚರ್ಚು ಸಾಕು, ಗಾಳಿಯಂತೂ ಸಾಕೋ ಸಾಕು. ಅವನ ಹೆಸರಿನಲ್ಲಿ ನಾನೇ ಕಳಚಿಕೊಳ್ಳುತ್ತಿದ್ದೆ.

ಬುಧವಾರ ಸೈಕಲ್ ಮುಗಿದ ಮೇಲೆ ಎಂದಿನಂತೆ ಹಾಬೊನ ಅಡುಗೆಮನೆಗೆ ಹೋದೆ. ಪ್ರತಿದಿನ ಅಲ್ಲೇ ಚಹಾ. ಅವತ್ತು ದಾರಿಯುದ್ದಕ್ಕೂ ನಾನೇ ಕದ್ದು ಕದ್ದು ಹಿಂದೆ ತಿರುಗಿ ಎಣಿಸಿ ಎಣಿಸಿ ಕತ್ತು ಹಿಡಿದುಕೊಂಡಿತ್ತು.

ಚಹಾದ ವಿಷಯದಲ್ಲಿ ಹಾಬೊ ಬಲು ಕಟ್ಟುನಿಟ್ಟು. ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಕುದಿಯುವ ಕರಿ ಚಹಾ, ಸಕ್ಕರೆ ಚಟಪಟ ಅನ್ನಬೇಕು. ಆಮೇಲೆ ಕಪ್ಪಿನ ಅಂಚಿನಿಂದ ಮೆಲ್ಲಗೆ ಒಂದಿಷ್ಟು ಕೆನೆ. ಕಲಕುವಂತಿಲ್ಲ. ಮೊದಲು ಕೆನೆ ಸಿಗಬೇಕು, ಆಮೇಲೆ ಕಹಿ, ಕೊನೆಗೆ ತಳದ ಸಿಹಿ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಸಾಸರಿನಲ್ಲಿ ಚಮಚ ಇಡುವುದು ಕಲಕುವುದಕ್ಕಲ್ಲ, ಸಾಕು ಎನಿಸಿದಾಗ ಖಾಲಿ ಕಪ್ಪಿನೊಳಗೆ ಇಡುವುದಕ್ಕೆ. ಚಮಚ ಒಳಗೆ ಬೀಳುವ ತನಕ ಮನೆಯವರು ಸುರಿಯುತ್ತಲೇ ಇರುತ್ತಾರೆ. ಮೂರು ಕಪ್ ಆಗುವ ಮೊದಲು ಚಮಚ ಇಟ್ಟರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಪ್ರವಾಸಿಗಳನ್ನು ಒಮ್ಮೊಮ್ಮೆ ಚಹಾಕ್ಕೆ ಕರೆದಾಗ ಅವರು ಕಲಕಲು ಶುರುಮಾಡಿದರೆ ಹಾಬೊ ತಡೆದುಕೊಳ್ಳುತ್ತಿರಲಿಲ್ಲ. "ಕಲಕಬೇಡ್ರೀ, ಅದೇನು ಸಿಮೆಂಟಾ?" ಎನ್ನುತ್ತಿದ್ದ.

ಮೊದಲನೇ ಕಪ್ಪಿನಲ್ಲಿ ಯಾರೂ ಮುಖ್ಯ ಮಾತು ಎತ್ತುವುದಿಲ್ಲ. ಎರಡನೆಯದರಲ್ಲಿ ಎತ್ತಬೇಕೆಂದಿದ್ದೆ, ಅಷ್ಟರಲ್ಲಿ ಅವನು ಫ್ರೇರಿಖ್‌ನ ಕುರಿಗಳ ಮಾತು ತೆಗೆದ. ಮೂರನೆಯದು ಮುಗಿಯಿತು. ಚಮಚ ಕೈಯಲ್ಲಿ ಹಿಡಿದೆ, ಮತ್ತೆ ಸಾಸರಿಗಿಟ್ಟೆ. ಚಮಚ ಕಪ್ಪಿನೊಳಗೆ ಹೋದರೆ ಎದ್ದು ಹೊರಡಬೇಕಾಗುತ್ತದೆ, ಹೇಳುವುದು ಇನ್ನೂ ಬಾಯಲ್ಲೇ ಇತ್ತು. ಹಾಬೊ ಏನೂ ಕೇಳದೆ ನಾಲ್ಕನೆಯದು ಸುರಿದ.

"ಹಾಬೊ, ನನ್ನ ಮೊಣಕಾಲು ಇದ್ಯಲ್ಲ."

"ಏನಾಯ್ತು, ಬಿದ್ದುಹೋಯ್ತಾ?"

"ತಮಾಷೆ ಬೇಡ. ಇನ್ನಾಗಲ್ಲ ನಂಗೆ. ನಿಲ್ಲಿಸೋಣ ಅಂತಿದ್ದೀನಿ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಎದ್ದು ಹೊರಗೆ ಹೋದ. ಕೋಪ ಮಾಡಿಕೊಂಡನೇನೋ ಅಂದುಕೊಂಡೆ. ಕಿಟಕಿಯಿಂದ ನೋಡಿದರೆ ನನ್ನ ಸೈಕಲ್ಲಿನ ಪಕ್ಕ ಮಂಡಿಯೂರಿ ಕೂತು ಸ್ಪ್ಯಾನರ್ ತಿರುಗಿಸುತ್ತಿದ್ದ. ಐದು ನಿಮಿಷಕ್ಕೆ ವಾಪಸು ಬಂದು ಕೈ ಒರೆಸಿಕೊಂಡ.

"ಸೀಟು ಎರಡು ಬೆರಳು ಮೇಲೆ ಮಾಡಿದ್ದೀನಿ. ನೀನು ಕಾಲು ಪೂರ್ತಿ ಚಾಚದೆ ತುಳೀತಿದ್ದೆ, ಹಿಂದಿನಿಂದ ದಿನಾ ನೋಡ್ತೀನಿ. ಅದಕ್ಕೇ ನೋವು. ಕುಡಿ, ಆರುತ್ತೆ."

ಆ ಕೈಗಳಿಗೆ ಏನೂ ಮರೆತಿರಲಿಲ್ಲ. ನನಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ, ನಾಲ್ಕನೆಯದನ್ನು ಕುಡಿದೆ. ಅವನು ಐದನೆಯದು ಸುರಿದ, ಕುಡಿದೆ. ಆರನೆಯದು ಸುರಿದ. ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ನಾಳೆ ಗುರುವಾರ, ಕಾಗದ ಬರುತ್ತದೆ, ಅವನು ಇದೇ ಮೇಜಿನ ಮುಂದೆ ಕನ್ನಡಕ ಹುಡುಕಿ ಒಬ್ಬನೇ ಕೂತು ಓದುತ್ತಾನೆ. ಈ ಕಪ್ಪಿನಲ್ಲಿ ಹೇಳಿಯೇ ಹೇಳುತ್ತೇನೆ ಎಂದು ಬಾಯಿ ತೆರೆದೆ.

ಆಗ ಟಿಣ್ ಟಿಣ್ ಸದ್ದು ಕೇಳಿಸಿತು.

ಹಾಬೊ ಚಹಾ ಕಲಕುತ್ತಿದ್ದ. ಕಿಟಕಿಯ ಹೊರಗೆ ನೋಡುತ್ತಾ, ನಿಧಾನವಾಗಿ, ಸುತ್ತಿಸಿ ಸುತ್ತಿಸಿ. ಹುಟ್ಟಿದಾಗಿನಿಂದ ಈ ಊರಿನ ಅಡುಗೆಮನೆಗಳಲ್ಲಿ ಕೂತವಳು ನಾನು, ನಮ್ಮವರ ಕಪ್ಪಿನಿಂದ ಆ ಸದ್ದು ಬಂದದ್ದನ್ನು ಕೇಳಿರಲಿಲ್ಲ. ಅವನು ಗೇಟು ತೆರೆದಿಟ್ಟಾಗ, ತಲೆ ತಪ್ಪಾಗಿ ಎಣಿಸಿದಾಗ ಆಗದಷ್ಟು ಭಯ ಆಗ ನನಗಾಯಿತು.

ಆಮೇಲೆ ನಾನು ಮಾಡಿದ್ದಕ್ಕೆ ಕಾರಣ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅವನು ಒಬ್ಬನೇ ಕಲಕುತ್ತಾ ಕೂರುವುದನ್ನು ನೋಡಲಾಗಲಿಲ್ಲ. ಸಾಸರಿನಿಂದ ಚಮಚ ತೆಗೆದುಕೊಂಡು ನಾನೂ ಕಲಕಿದೆ.

ಹಾಬೊ ತಿರುಗಿದ. "ಏನೇ ಅದು? ಅದೇನು ಸಿಮೆಂಟಾ?"

ಅವನು ನನ್ನ ಕಪ್ ನೋಡಿದ. ಆಮೇಲೆ ತನ್ನದನ್ನು ನೋಡಿದ. ಎರಡರಲ್ಲೂ ಕೆನೆ ಕದಡಿ ಒಂದೇ ಕೆಸರು ಬಣ್ಣವಾಗಿತ್ತು. ತನ್ನ ಕೈಯಲ್ಲಿದ್ದ ಚಮಚವನ್ನು ಎತ್ತಿ, ಪ್ಯಾಂಟಿಗೆ ಒರೆಸಿ, ಸಾಸರಿನ ಮೇಲೆ ಹುಷಾರಾಗಿ ಇಟ್ಟ.

"ಮೊದಲು ಕಲಕಿದ್ದು ನಾನಾ?"

"ಹೂಂ."

"ಮತ್ತೆ ನೀನ್ಯಾಕೆ ಕಲಕಿದೆ?"

"ಗೊತ್ತಿಲ್ಲ ಹಾಬೊ. ಸುಸ್ತಾಗಿದೆ ನಂಗೆ."

ಚಹಾದ ಕೆಟಲ್ಲಿನ ಕೆಳಗೆ ಮೇಣದ ದೀಪ ಉರಿಯುತ್ತಿತ್ತು, ಅವನು ಅದನ್ನೇ ನೋಡುತ್ತಿದ್ದ.

"ಆವತ್ತು ಆ ಹೆಂಗಸು ಕೈ ಬೀಸಿದ್ಲು" ಅಂದ. "ಕೆಂಪು ಟೋಪಿ. ನಾನೂ ಬೀಸ್ದೆ. ಯಾರೋ ಊರವಳು ಮಾತಾಡಿಸ್ತಿದ್ದಾಳೆ ಅಂದ್ಕೊಂಡೆ. ಎರಡು ಗಂಟೆಗೆ ಅವಳ ಸೀಟು ಸರಿ ಮಾಡಿದ್ದು ನಾನೇ, ಇದೇ ಕೈಯಲ್ಲಿ. ಗೇಟಿನ ಹತ್ರ ಬರೋ ಹೊತ್ತಿಗೆ ಅವಳ ಮುಖ ನನ್ನ ತಲೇಲಿ ಇರ್ಲಿಲ್ಲ ಕಣೇ."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ರಾತ್ರಿ ಮಲಗಿದಾಗ ಬಂತು, ಕೆಂಪು ಟೋಪಿ. ಮಾರನೇ ದಿನ ಕೇಳೋಣ ಅಂದ್ಕೊಂಡೆ. ಕೇಳೋಕೆ ಧೈರ್ಯ ಬರ್ಲಿಲ್ಲ."

"ಆದ್ರೆ ಎಣಿಸಿದಾಗ ಹನ್ನೊಂದು ಅಂದ್ಯಲ್ಲ."

"ಹನ್ನೊಂದೇ ಇದ್ರು." ಅವನು ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ಹತ್ತೂ ಮಡಿಸಿದ ಮೇಲೆ ಮುಷ್ಟಿಯನ್ನು ತನ್ನ ಎದೆಗೆ ಒತ್ತಿಕೊಂಡ. "ನನ್ನನ್ನೂ ಸೇರಿಸ್ಕೊಂಡಿದ್ದೆ."

ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ, ಅರವತ್ತಮೂರು ವರ್ಷವಾದ ಮೇಲೆ ಅಂಥದಕ್ಕೆಲ್ಲ ಶಕ್ತಿ ಯಾರಿಗಿದೆ. ಹಾಬೊ ಎದ್ದು ಒಲೆಯ ಹತ್ತಿರ ನೇತುಹಾಕಿದ್ದ ಟವಲ್ ತಂದು ಕೊಟ್ಟ. ಅದಕ್ಕೆ ಮೀನಿನ ವಾಸನೆ ಇತ್ತು.

"ಮೊಣಕಾಲಿನ ಕಥೆ ಚೆನ್ನಾಗಿತ್ತು" ಅಂದ.

"ನೋವು ನಿಜ."

"ನಿಜ ಅಂತ ಗೊತ್ತು. ಅದಕ್ಕೇ ಸೀಟು ಏರಿಸಿದ್ದು. ನಿಲ್ಲಿಸೋದು ಸುಳ್ಳು."

"ಪೂರ್ತಿ ಸುಳ್ಳಲ್ಲ."

"ಇರ್ಲಿ. ನೀನು ನಿಲ್ಲಿಸೋ ಹಾಗಿಲ್ಲ. ನೀನು ನಿಲ್ಲಿಸಿದ್ರೆ ನಾನು ಬೆಳಿಗ್ಗೆ ಎದ್ದು ಏನು ಮಾಡ್ಲಿ?" ಇಷ್ಟು ಹೇಳಿ ಅವನು ಗೂಟದಿಂದ ಹಳದಿ ಅಂಗಿ ತೆಗೆದು, ಮಡಚಿ, ಬಟ್ಟೆ ಅಂಗಡಿಯವರ ಹಾಗೆ ಅಂಗೈಯಿಂದ ಸವರಿ ನನ್ನ ಮುಂದಿಟ್ಟ. "ಇದನ್ನ ಆ ಹುಡುಗಿ ವೀಬ್ಕೆಗೆ ಕೊಡು. ಕೂತು ಕೂತು ಅವಳಿಗೂ ಸೊಂಟ ಹಿಡ್ದಿರುತ್ತೆ, ನಾಲ್ಕು ದಿನ ಗಾಳಿ ಕುಡೀಲಿ. ನಾಳೆಯಿಂದ ತಲೆ ನೀನೇ ಎಣಿಸು. ನನ್ನನ್ನೂ ಸೇರಿಸಿ ಎಣಿಸು."

ಕಲಕಿದ ಚಹಾವನ್ನು ಇಬ್ಬರೂ ಕುಡಿದೆವು. ಕೆನೆಯೂ ಇರಲಿಲ್ಲ, ಕಹಿಯೂ ಇರಲಿಲ್ಲ, ಮೇಲಿನಿಂದ ತಳದ ತನಕ ಒಂದೇ ರುಚಿ. ಪ್ರವಾಸಿಗಳು ಇದನ್ನು ಹೇಗೆ ಕುಡಿಯುತ್ತಾರೋ ಎಂದು ಹಾಬೊ ಮುಖ ಕಿವುಚಿದ. ಆಮೇಲೆ ಅವನು ತನ್ನ ಚಮಚವನ್ನು ಕಪ್ಪಿನೊಳಗಿಟ್ಟ. ನಾನೂ ಇಟ್ಟೆ.

ಮರುದಿನ ಒಂಬತ್ತು ಜನ ಬಂದಿದ್ದರು. ಹಳದಿ ಅಂಗಿಯೊಳಗೆ ವೀಬ್ಕೆ ಗಾಳಿಗೆ ಕೂದಲು ಹಿಡಿದುಕೊಳ್ಳಲೋ ಹ್ಯಾಂಡಲ್ ಹಿಡಿದುಕೊಳ್ಳಲೋ ಎಂದು ಒದ್ದಾಡುತ್ತಿದ್ದಳು. ಹಾಬೊ ನನ್ನ ಬೆನ್ನಿಗೇ, ಎರಡನೇ ಸೈಕಲ್. ಹೊರಡುವ ಮುಂಚೆ ಎಣಿಸಿದೆ: ವೀಬ್ಕೆಯನ್ನೂ ನನ್ನನ್ನೂ ಬಿಟ್ಟು ಹತ್ತು. ಸೀಟು ಎರಡು ಬೆರಳು ಮೇಲಾಗಿದ್ದಕ್ಕೆ ಮೊಣಕಾಲು ನಿಜವಾಗಿಯೂ ಅಷ್ಟು ನೋಯಲಿಲ್ಲ. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಹೇಳುತ್ತಿದ್ದೇನೆ.

ಗಿರಣಿಯ ಹತ್ತಿರ ದಪ್ಪ ಮನುಷ್ಯನೊಬ್ಬ ಏದುಸಿರು ಬಿಡುತ್ತಾ ಎದುರುಗಾಳಿಯ ಬಗ್ಗೆ ಕೇಳಿದ. ನಾನು ಹೇಳುವುದನ್ನು ಹೇಳಿದೆ. ಹಾಬೊ ಬಿದ್ದು ಬಿದ್ದು ನಕ್ಕ, ಅವನನ್ನು ನೋಡಿ ಎಲ್ಲರೂ ನಕ್ಕರು.

"ಹೊಸದಾ?" ಎಂದು ಕೇಳಿದ.

"ಹೂಂ, ಇವತ್ತೇ ಮಾಡಿದ್ದು" ಅಂದೆ.

ಕೊನೆಯ ಕುರಿ ಗೇಟು ದಾಟಿ ಅರ್ಧ ಕಿಲೋಮೀಟರ್ ಹೋದ ಮೇಲೆ ಹಿಂತಿರುಗಿ ಎಣಿಸಿದೆ. ಒಂಬತ್ತೇ ಇದ್ದರು. ಮತ್ತೊಮ್ಮೆ ಎಣಿಸಿದೆ, ಒಂಬತ್ತೇ. ಎಲ್ಲರನ್ನೂ ನಿಲ್ಲಿಸಿದೆ. ವೀಬ್ಕೆ ಬಿಳಿಚಿಕೊಂಡಳು. "ಹಾಬೊ ಅವರು ನನ್ನ ಪಕ್ಕ ನಿಂತ್ಕೊಂಡು, ನೀವು ಹೋಗಿ ಅಂದ್ರು. ನಾನು ಬಂದ್ಬಿಟ್ಟೆ" ಅಂದಳು.

ದೂರದಲ್ಲಿ ಏರಿಯ ಮೇಲೆ ಹಾಬೊ ಕಾಣಿಸುತ್ತಿದ್ದ. ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ ಗೇಟಿನ ಮುಂದೆ ನಿಂತಿದ್ದ. ಚಿಲಕ ಹಾಕಿದ, ಅಲುಗಾಡಿಸಿ ನೋಡಿದ, ತೆಗೆದ, ಮತ್ತೆ ಹಾಕಿದ. ನಾಲ್ಕು ಹೆಜ್ಜೆ ಬಂದವನು ತಿರುಗಿ ಹೋಗಿ ಇನ್ನೊಮ್ಮೆ ಮುಟ್ಟಿ ನೋಡಿದ.

"ಯಾಕೆ ನಿಂತ್ವಿ? ಯಾರಾದ್ರೂ ಬರ್ಬೇಕಾ?" ಎಂದು ದಪ್ಪ ಮನುಷ್ಯ ಕೇಳಿದ.

"ಒಬ್ರು ಬರ್ಬೇಕು" ಅಂದೆ.

ಗಾಳಿ ಮುಖಕ್ಕೆ ರಾಚುತ್ತಿತ್ತು. ನಾನು ಕೈ ಎತ್ತಿ ಬೀಸಿದೆ. ಅವನೂ ಬೀಸಿದ. ತಾನು ಯಾರಿಗೆ ಬೀಸುತ್ತಿದ್ದೇನೆಂದು ಅವನಿಗೆ ಅಷ್ಟು ದೂರದಿಂದ ತಿಳಿಯಿತೋ ಇಲ್ಲವೋ. ನಾವು ಹನ್ನೊಂದು ಜನ ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತು, ಅವನು ಬರುವ ತನಕ ಕಾದೆವು.